ಕಾಗದವೋ, ಪರದೆಯೋ? ಹದಿಹರೆಯದವರ ಆರೋಗ್ಯ ಸಮೀಕ್ಷೆ ನಡೆಯುವ ಬಗೆ

ಹದಿನೈದು ವರ್ಷದ ಹುಡುಗಿಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತಿಳಿಯಲು ಒಂದು ಹನಿ ರಕ್ತ ಸಾಕು. ಎತ್ತರಕ್ಕೆ ಅಳತೆಪಟ್ಟಿ ಇದೆ, ತೂಕಕ್ಕೆ ತಕ್ಕಡಿ ಇದೆ. ಆದರೆ ಅವಳು ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡುತ್ತಾಳೆ, ಶಾಲೆಯಲ್ಲಿ ಯಾರಾದರೂ ಅವಳನ್ನು ಪೀಡಿಸುತ್ತಿದ್ದಾರೆಯೇ, ಹಿಂದಿನ ಬೆಂಚಿನ ಹುಡುಗ ಕಳೆದ ತಿಂಗಳು ಗುಟ್ಕಾ ಹಾಕಿದ್ದನೇ, ಬದುಕೇ ಬೇಡವೆಂದು ಅವರಿಗೆ ಎಂದಾದರೂ ಅನ್ನಿಸಿದೆಯೇ? ಇವನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ. ನಾವು ಕೇಳಬೇಕು, ಅವರು ಹೇಳಬೇಕು.

ಹಾಗೆ ಕೇಳುವ ಸಾಧನವೇ ಪ್ರಶ್ನಾವಳಿ. ದಶಕಗಳ ಕಾಲ ಅದು ಕಾಗದದ ಮೇಲಿತ್ತು. ಈಗ ಟ್ಯಾಬ್, ಲ್ಯಾಪ್‌ಟಾಪ್, ಮೊಬೈಲಿಗೆ ಬಂದಿದೆ. ಅಚ್ಚಿನ ಖರ್ಚಿಲ್ಲ, ಉತ್ತರಗಳನ್ನು ಕೂತು ಎಂಟ್ರಿ ಮಾಡುವ ಗೋಳಿಲ್ಲ, ಸಂಜೆಯ ಹೊತ್ತಿಗೆ ಅಂಕಿಅಂಶ ಕೈಯಲ್ಲಿ. ಹಾಗಾಗಿ ಪರದೆಯೇ ಮೇಲೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಸಾಧನ ಬದಲಾದಾಗ ಒಂದು ಅನುಮಾನವೂ ಹುಟ್ಟುತ್ತದೆ. ಈ ವರ್ಷ ಧೂಮಪಾನದ ಪ್ರಮಾಣ ಏರಿದ್ದರೆ, ಬದಲಾದದ್ದು ಮಕ್ಕಳೋ ಅಥವಾ ನಾವು ಕೇಳಿದ ರೀತಿಯೋ? ಮೂವತ್ತು ವರ್ಷಗಳಿಂದ ಸಂಶೋಧಕರು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರಿಗೆ ಸಿಕ್ಕ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಉತ್ತರ ಬರೆಯುವ ವಸ್ತುವಿಗಿಂತ ಉತ್ತರಿಸುವವರು ಕೂತಿರುವ ಜಾಗ ಹೆಚ್ಚು ಮುಖ್ಯ.

ಕಾಗದದ ಸಮೀಕ್ಷೆಯ ಒಳಗೆ

ಈ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖವಾಗುವ ಮಾದರಿ ಅಮೆರಿಕದ ‘ಯೂತ್ ರಿಸ್ಕ್ ಬಿಹೇವಿಯರ್ ಸರ್ವೆ’. ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 1991ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಒಂಬತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳಲ್ಲಿ ಇದನ್ನು ನಡೆಸುತ್ತಿದೆ. ಮೊದಲು ಶಾಲೆಗಳನ್ನು, ಆಮೇಲೆ ಶಾಲೆಯೊಳಗಿನ ತರಗತಿಗಳನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಆಯ್ಕೆಯಾದ ತರಗತಿಯ ಎಲ್ಲ ಮಕ್ಕಳಿಗೂ ಒಂದು ಪೀರಿಯಡ್ ಹೊತ್ತು ಪ್ರಶ್ನಾವಳಿ ಕೊಡುತ್ತಾರೆ. ಹೆಸರು ಬರೆಯುವಂತಿಲ್ಲ, ರೋಲ್ ನಂಬರ್ ಇಲ್ಲ. ಕಾಗದವಿದ್ದಾಗ ನಮ್ಮ ಸಿಇಟಿಯ ಓಎಂಆರ್ ಹಾಳೆಯಲ್ಲಿ ಮಾಡುವಂತೆ ವೃತ್ತ ತುಂಬಿದರೆ ಸಾಕಿತ್ತು, ಉಳಿದದ್ದನ್ನು ಯಂತ್ರ ಓದಿಕೊಳ್ಳುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2003ರಿಂದ ಹಲವು ದೇಶಗಳಲ್ಲಿ ನಡೆಸಿರುವ ಶಾಲಾ ಆರೋಗ್ಯ ಸಮೀಕ್ಷೆಯದ್ದೂ ಇದೇ ಜಾಡು. ಭಾರತದಲ್ಲಿ ಅದು 2007ರಲ್ಲಿ ಸಿಬಿಎಸ್ಇ ಶಾಲೆಗಳಲ್ಲಿ ನಡೆಯಿತು.

ನೋಡಲು ಸರಳವಾದರೂ ಇದರ ರಚನೆಯಲ್ಲಿ ಜಾಣತನವಿದೆ. ‘ನೀವು ಸಿಗರೇಟು ಸೇದಿಲ್ಲವಾದರೆ 20ನೇ ಪ್ರಶ್ನೆಗೆ ಹೋಗಿ’ ಎಂಬಂಥ ಸೂಚನೆ ಸಿಡಿಸಿಯ ಕಾಗದದ ಪ್ರಶ್ನಾವಳಿಯಲ್ಲಿ ಇರುತ್ತಿರಲಿಲ್ಲ. ಎಲ್ಲರೂ ಎಲ್ಲ ಪ್ರಶ್ನೆಗೂ ಉತ್ತರಿಸಬೇಕಿತ್ತು. ಸೇದದವನಿಗೆ ‘ನಾನು ಸೇದಿಲ್ಲ’ ಎಂಬ ಆಯ್ಕೆ ಪ್ರತಿ ಪ್ರಶ್ನೆಯಲ್ಲೂ ಇರುತ್ತಿತ್ತು. ಕಾರಣ ಇಷ್ಟೇ: ಪುಟ ಹಾರಿಸಲು ಬಿಟ್ಟರೆ ಸೇದದವರು ಬೇಗ ಮುಗಿಸಿ ಪೆನ್ನು ಕೆಳಗಿಡುತ್ತಾರೆ, ಸೇದುವವರು ಇನ್ನೂ ಬರೆಯುತ್ತಿರುತ್ತಾರೆ. ಯಾರು ಏನು ಬರೆದರೆಂದು ಇಡೀ ತರಗತಿಗೆ ತಿಳಿದುಹೋಗುತ್ತದೆ.

ಕಾಗದದ ತೊಂದರೆಗಳೂ ಗೊತ್ತಿರುವವೇ. ಒಬ್ಬ ಎರಡು ವೃತ್ತ ತುಂಬುತ್ತಾನೆ, ಇನ್ನೊಬ್ಬಳು ಒಂದು ಪುಟವನ್ನೇ ಬಿಟ್ಟುಬಿಡುತ್ತಾಳೆ. ಮೊದಲ ಪ್ರಶ್ನೆಗೆ ‘ಎಂದೂ ಕುಡಿದಿಲ್ಲ’ ಎಂದವನು ಐದನೆಯದರಲ್ಲಿ ‘ಕಳೆದ ವಾರ ಮೂರು ಬಾರಿ’ ಎಂದಿರುತ್ತಾನೆ. ಇಂಥವನ್ನೆಲ್ಲ ಆಮೇಲೆ ಕೂತು ಸೋಸಬೇಕು. ತೆರೆದ ಪ್ರಶ್ನೆ ಕೊಟ್ಟರೆ ಇನ್ನೊಂದು ಪೇಚು: ತನ್ನ ತರಗತಿಯ ಮಕ್ಕಳ ಕೈಬರಹ ಯಾವ ಮೇಷ್ಟ್ರಿಗೆ ಗೊತ್ತಿರುವುದಿಲ್ಲ?

ಪರದೆ ತಂದ ಬದಲಾವಣೆ

ಪರದೆಯಲ್ಲಿ ಈ ತೊಂದರೆಗಳಲ್ಲಿ ಹಲವು ತಾನಾಗಿಯೇ ಬಗೆಹರಿಯುತ್ತವೆ. ಎರಡು ಉತ್ತರ ಒತ್ತಲು ಆಗುವುದಿಲ್ಲ. ಒಂದಕ್ಕೊಂದು ಹೊಂದದ ಉತ್ತರ ಬಂದರೆ ತಂತ್ರಾಂಶವೇ ಎಚ್ಚರಿಸಬಹುದು. ಬೇಡದ ಪ್ರಶ್ನೆಗಳು ಕಣ್ಣಿಗೇ ಬೀಳದಂತೆ ಮಾಡಬಹುದು. ಒಂದೊಂದು ಪ್ರಶ್ನೆಗೆ ಎಷ್ಟು ಸೆಕೆಂಡು ಹಿಡಿಯಿತೆಂದೂ ದಾಖಲಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಲಾಭ ಧ್ವನಿ. ಹೆಡ್‌ಫೋನ್ ಹಾಕಿಕೊಂಡು ಪ್ರಶ್ನೆ ಕೇಳಿಸಿಕೊಂಡು, ಪರದೆಯ ಮೇಲೆ ಉತ್ತರ ಮುಟ್ಟಿದರೆ ಸಾಕು. ಓದು ಸರಾಗವಿಲ್ಲದ ಮಗುವೂ ಪಕ್ಕದವರ ಸಹಾಯವಿಲ್ಲದೆ ಉತ್ತರಿಸಬಹುದು. ಅಮೆರಿಕದಲ್ಲಿ 1995ರಲ್ಲಿ 15ರಿಂದ 19 ವರ್ಷದ ಹುಡುಗರಲ್ಲಿ ಈ ವಿಧಾನವನ್ನು ಕಾಗದದೊಂದಿಗೆ ಹೋಲಿಸಿ ನೋಡಿದರು. ಫಲಿತಾಂಶ 1998ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗಂಡಸರೊಂದಿಗೆ ಲೈಂಗಿಕ ಸಂಪರ್ಕ ಆಗಿತ್ತೇ ಎಂಬ ಪ್ರಶ್ನೆಗೆ ಕಾಗದದಲ್ಲಿ ಹೌದೆಂದವರು ಶೇ 1.5, ಹೆಡ್‌ಫೋನಿನ ಕಂಪ್ಯೂಟರಿನಲ್ಲಿ ಶೇ 5.5. ಮಾದಕವಸ್ತು ಮತ್ತು ಹಿಂಸೆಯ ಕುರಿತ ಪ್ರಶ್ನೆಗಳಲ್ಲೂ ಕಂಪ್ಯೂಟರಿನ ಮುಂದೆ ಒಪ್ಪಿಕೊಂಡವರೇ ಹೆಚ್ಚು. ಮನುಷ್ಯರ ಮುಂದೆ ಬಾಯಿ ಬಿಡದ ಮಕ್ಕಳು ಯಂತ್ರದ ಮುಂದೆ ಬಿಡುತ್ತಾರೆ ಎಂಬ ನಂಬಿಕೆ ಬೇರೂರಿದ್ದು ಅಲ್ಲಿಂದ.

ಆಮೇಲಿನ ಅಧ್ಯಯನಗಳು ಆ ನಂಬಿಕೆಯನ್ನು ಸ್ವಲ್ಪ ತಗ್ಗಿಸಿದವು. ಮಿಶಿಗನ್ ವಿಶ್ವವಿದ್ಯಾಲಯ 1975ರಿಂದ ನಡೆಸುತ್ತಿರುವ ‘ಮಾನಿಟರಿಂಗ್ ದ ಫ್ಯೂಚರ್’ ಸಮೀಕ್ಷೆಯು ಮದ್ಯ, ತಂಬಾಕು, ಮಾದಕವಸ್ತುಗಳ ಬಳಕೆಯನ್ನು ವರ್ಷವರ್ಷವೂ ಅಳೆಯುತ್ತದೆ. ಕಾಗದದಿಂದ ಟ್ಯಾಬಿಗೆ ಹೋಗುವ ಮುನ್ನ ಅವರು 2019ರಲ್ಲಿ ಶಾಲೆಗಳನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಕಾಗದ, ಇನ್ನೊಂದಕ್ಕೆ ಟ್ಯಾಬ್ ಕೊಟ್ಟರು. ಎರಡೂ ಕಡೆ ಬಳಕೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಬಂತು. ಅದಾದ ಮೇಲೆಯೇ ಅವರು ಪೂರ್ತಿಯಾಗಿ ಪರದೆಗೆ ಹೋದದ್ದು. ಸಿಡಿಸಿಯ ರಾಷ್ಟ್ರೀಯ ಸಮೀಕ್ಷೆಯಂತೂ ಕಾಗದ ಬಿಟ್ಟು ಟ್ಯಾಬ್ ಹಿಡಿದದ್ದು 2023ರಲ್ಲಿ. ದುಡ್ಡು, ತಂತ್ರಜ್ಞಾನ ಎರಡೂ ಇದ್ದ ದೇಶವೊಂದು ಇಷ್ಟು ತಡಮಾಡಿತೆಂದರೆ ಹಿಂದಿನ ವರ್ಷಗಳ ಅಂಕಿಅಂಶದ ಕೊಂಡಿ ಕಳಚಬಾರದೆಂಬ ಎಚ್ಚರ ಅದರ ಹಿಂದೆ ಇದ್ದೇ ಇರುತ್ತದೆ.

ಜಾಗದ ಪ್ರಭಾವ

ಹಾಗಾದರೆ ಯಾವುದರಿಂದ ವ್ಯತ್ಯಾಸ ಬರುತ್ತದೆ? ಸಿಡಿಸಿಯ ಸಂಶೋಧಕರೇ ಎರಡು ಪ್ರಯೋಗ ಮಾಡಿದ್ದಾರೆ. 2006ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಮಕ್ಕಳನ್ನು ನಾಲ್ಕು ಗುಂಪು ಮಾಡಿದರು: ಶಾಲೆಯಲ್ಲಿ ಕಾಗದ, ಶಾಲೆಯಲ್ಲಿ ಕಂಪ್ಯೂಟರ್, ಮನೆಯಲ್ಲಿ ಕಾಗದ, ಮನೆಯಲ್ಲಿ ಕಂಪ್ಯೂಟರ್. ಕಾಗದಕ್ಕೂ ಕಂಪ್ಯೂಟರಿಗೂ ಬಂದ ವ್ಯತ್ಯಾಸ ಕೆಲವೇ ಪ್ರಶ್ನೆಗಳಲ್ಲಿ. ಶಾಲೆಗೂ ಮನೆಗೂ ಬಂದ ವ್ಯತ್ಯಾಸ ಅದಕ್ಕಿಂತ ಬಹಳ ಹೆಚ್ಚು. ತಮ್ಮ ತಪ್ಪು-ತುಂಟತನಗಳನ್ನು ಮಕ್ಕಳು ಶಾಲೆಯಲ್ಲಿ ಒಪ್ಪಿಕೊಂಡಷ್ಟು ಮನೆಯಲ್ಲಿ ಒಪ್ಪಿಕೊಳ್ಳಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಾಗಿಲು ಮುಚ್ಚಿದ್ದರೂ ಅಮ್ಮ ಅಡುಗೆಮನೆಯಲ್ಲಿದ್ದಾಳೆ ಎಂಬುದು ಮಗುವಿಗೆ ಗೊತ್ತಿರುತ್ತದೆ.

2008ರ ಎರಡನೇ ಪ್ರಯೋಗದಲ್ಲಿ ಒಂದು ಗುಂಪಿಗೆ ತರಗತಿಯಲ್ಲಿ ಕಾಗದ, ಇನ್ನು ಕೆಲವರಿಗೆ ಶಾಲೆಯ ಕಂಪ್ಯೂಟರ್ ಕೊಠಡಿ. ಕೊನೆಯ ಗುಂಪಿಗೆ ಬರೀ ಲಿಂಕ್ ಕೊಟ್ಟು ‘ಬಿಡುವಾದಾಗ ತುಂಬಿ’ ಎಂದರು. ಶಾಲೆಯೊಳಗಿನ ಗುಂಪುಗಳಲ್ಲಿ ಬಹುತೇಕ ಎಲ್ಲರೂ ಉತ್ತರಿಸಿದರು. ಲಿಂಕ್ ಪಡೆದವರಲ್ಲಿ ಉತ್ತರಿಸಿದ್ದು ಶೇ 28ರಷ್ಟು ಮಾತ್ರ. ಉಳಿದವರು ಯಾರು? ಓದಿನಲ್ಲಿ ಹಿಂದಿರುವವರೇ, ಮನೆಯಲ್ಲಿ ನೆಟ್ ಇಲ್ಲದವರೇ, ಮನಸ್ಸು ಕುಗ್ಗಿ ಯಾವುದೂ ಬೇಡವೆನಿಸಿದವರೇ? ಸಮೀಕ್ಷೆ ಹುಡುಕುತ್ತಿರುವುದು ಅವರನ್ನೇ ಆಗಿದ್ದರೆ, ಕೈಗೆ ಸಿಕ್ಕಿದ್ದು ಉಳಿದವರ ಆರೋಗ್ಯದ ಲೆಕ್ಕ. ದಕ್ಷಿಣ ಕೊರಿಯಾ 2005ರಿಂದ ತನ್ನ ಯುವಜನರ ಆರೋಗ್ಯ ಸಮೀಕ್ಷೆಯನ್ನು ಆನ್‌ಲೈನಿನಲ್ಲೇ ನಡೆಸುತ್ತಿದೆ, ಆದರೆ ಮಕ್ಕಳನ್ನು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಕೂರಿಸಿ. ಆನ್‌ಲೈನ್ ಎಂದ ಮಾತ್ರಕ್ಕೆ ಮನೆಗೆ ಲಿಂಕ್ ಕಳಿಸಬೇಕೆಂದಿಲ್ಲ.

ಶಾಲೆಯೊಳಗೂ ಕೂರಿಸುವ ಬಗೆ ಲೆಕ್ಕಕ್ಕೆ ಬರುತ್ತದೆ. ಕಾಗದ ಬೆಂಚಿನ ಮೇಲೆ ಮಲಗಿರುತ್ತದೆ, ಕೈ ಅಡ್ಡ ಹಿಡಿದರೆ ಮುಚ್ಚಿತು. ಕಂಪ್ಯೂಟರ್ ಪರದೆ ನೆಟ್ಟಗೆ ನಿಂತಿರುತ್ತದೆ, ಹಿಂದಿನ ಸಾಲಿನವನಿಗೂ ಕಾಣುತ್ತದೆ. ಕೈಯಲ್ಲಿ ಹಿಡಿಯುವ ಟ್ಯಾಬ್ ಇವೆರಡರ ನಡುವಿನದು. ಶಿಕ್ಷಕರು ಸಾಲುಗಳ ನಡುವೆ ಓಡಾಡುತ್ತಿದ್ದರೆ ಮೂರೂ ಒಂದೇ: ಯಾವುದರಲ್ಲೂ ಸತ್ಯ ಬರುವುದಿಲ್ಲ.

ಭಾರತದಲ್ಲಿ ಫೋನ್ ಯಾರದ್ದು?

ನಮ್ಮಲ್ಲಿ ಈ ಜಾಗದ ಪ್ರಶ್ನೆಗೆ ಇನ್ನೊಂದು ಮುಖವಿದೆ. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಬಗ್ಗೆ 2023ರಲ್ಲಿ ನಡೆದ ಅಸರ್ ಸಮೀಕ್ಷೆಯ ಪ್ರಕಾರ, ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಫೋನ್ ಬಳಸಬಲ್ಲವರಲ್ಲಿ ಸ್ವಂತದ್ದು ಇದ್ದವರು ಹುಡುಗರಲ್ಲಿ ಶೇ 43.7, ಹುಡುಗಿಯರಲ್ಲಿ ಶೇ 19.8. ಅಂದರೆ ಹುಡುಗಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರಶ್ನಾವಳಿ ಹೆಚ್ಚಿನ ಸಲ ತಲುಪುವುದು ಅಪ್ಪನ ಅಥವಾ ಅಣ್ಣನ ಫೋನಿಗೆ. ‘ಮನೆಯಲ್ಲಿ ಯಾರಾದರೂ ನಿಮಗೆ ಹೊಡೆಯುತ್ತಾರೆಯೇ’ ಎಂಬ ಪ್ರಶ್ನೆಯನ್ನು ಮೊದಲು ಓದುವವನು ಹೊಡೆಯುವವನೇ ಆಗಿರಬಹುದು. ಆಗ ಕೆಡುವುದು ಅಂಕಿಅಂಶ ಮಾತ್ರವಲ್ಲ, ಮಗುವಿನ ಸುರಕ್ಷತೆಯೂ.

ಯಂತ್ರದ ಮೇಲಿನ ನಂಬಿಕೆಯೂ ಎಲ್ಲರಲ್ಲಿ ಒಂದೇ ಸಮನಿರುವುದಿಲ್ಲ. ಪುಣೆಯಲ್ಲಿ ಯುವಕರ ನಡುವೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಾಲೇಜು ವಿದ್ಯಾರ್ಥಿಗಳು ಹೆಡ್‌ಫೋನಿನ ಕಂಪ್ಯೂಟರಿಗೆ ಹೆಚ್ಚು ಮುಕ್ತವಾಗಿ ಉತ್ತರಿಸಿದರು. ಕೊಳೆಗೇರಿಯ ಯುವಕರಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಒಂದು ಊರಿನ ಫಲಿತಾಂಶವನ್ನು ಇನ್ನೊಂದಕ್ಕೆ ಎತ್ತಿ ಹಚ್ಚುವಂತಿಲ್ಲ. ಮೈಸೂರಿನ ಪಿಯು ಕಾಲೇಜಿಗೆ ಹೊಂದಿದ ವಿಧಾನ ಸುರಪುರದ ಹಾಸ್ಟೆಲಿಗೂ ಹೊಂದುತ್ತದೆಯೇ ಎಂಬುದನ್ನು ಅಲ್ಲಿಗೇ ಹೋಗಿ ನೋಡಬೇಕು.

ಇನ್ನು ಶಾಲೆಯಲ್ಲಿ ನಡೆಯುವ ಯಾವ ಸಮೀಕ್ಷೆಯೂ ಶಾಲೆ ಬಿಟ್ಟವರನ್ನು ಮುಟ್ಟುವುದಿಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುವ, ಇಟ್ಟಿಗೆ ಗೂಡಿನಲ್ಲಿ ದುಡಿಯುವ, ಮದುವೆಯಾಗಿ ಹೋದ ಮಕ್ಕಳು ಕಾಗದದಲ್ಲೂ ಇಲ್ಲ, ಪರದೆಯಲ್ಲೂ ಇಲ್ಲ. ಅವರನ್ನು ಮನೆಮನೆ ಭೇಟಿಯಲ್ಲೇ ಹುಡುಕಬೇಕು.

ತಮಾಷೆಗೆ ಬರೆದವರನ್ನು ಹಿಡಿಯುವುದು

ಮಕ್ಕಳು ಮುಚ್ಚಿಡುವುದಷ್ಟೇ ಅಲ್ಲ, ಇಲ್ಲದ್ದನ್ನು ಹೇಳುವುದೂ ಉಂಟು. ಅಮೆರಿಕದಲ್ಲಿ 1994-95ರಲ್ಲಿ ಶುರುವಾದ ‘ಆ್ಯಡ್ ಹೆಲ್ತ್’ ಅಧ್ಯಯನ ಇದಕ್ಕೆ ಪ್ರಸಿದ್ಧ ಉದಾಹರಣೆ. ಶಾಲೆಯಲ್ಲಿ ತುಂಬಿದ ಕಾಗದದಲ್ಲಿ ತಮಗೆ ಕೃತಕ ಕೈಕಾಲು ಇದೆ ಎಂದು ಬರೆದಿದ್ದ 253 ಮಕ್ಕಳನ್ನು ಮನೆಯ ಸಂದರ್ಶನದಲ್ಲಿ ಮತ್ತೆ ವಿಚಾರಿಸಿದಾಗ, ನಿಜವಾಗಿ ಇದ್ದದ್ದು ಇಬ್ಬರಿಗೆ. ಅಪರೂಪದ ಸಂಗತಿಗಳನ್ನು ಅಳೆಯುವಾಗ ಇಂಥ ಕೆಲವೇ ತುಂಟರು ಲೆಕ್ಕವನ್ನು ಬುಡಮೇಲು ಮಾಡಬಲ್ಲರು.

ಇದಕ್ಕೆ ಸಮೀಕ್ಷಕರ ಬಳಿ ಹಳೆಯ ಉಪಾಯವಿದೆ: ಇಲ್ಲದ ವಸ್ತುವಿನ ಬಗ್ಗೆ ಕೇಳುವುದು. 1995ರಿಂದ ನಡೆಯುತ್ತಿರುವ ಯುರೋಪಿನ ಶಾಲಾ ಸಮೀಕ್ಷೆ ಎಸ್ಪಾಡ್‌ನಲ್ಲಿ ಮಾದಕವಸ್ತುಗಳ ಪಟ್ಟಿಯ ನಡುವೆ ‘ರೆಲೆವಿನ್’ ಎಂಬ ಹೆಸರನ್ನು ಸೇರಿಸಿದ್ದರು. ಅಂಥ ವಸ್ತುವೇ ಜಗತ್ತಿನಲ್ಲಿಲ್ಲ. ಅದನ್ನು ಬಳಸಿದ್ದೇನೆ ಎಂದವರ ಉಳಿದ ಉತ್ತರಗಳನ್ನೂ ಅನುಮಾನದಿಂದ ನೋಡಬೇಕಾಗುತ್ತದೆ. ಈ ಉಪಾಯ ಕಾಗದ, ಪರದೆ ಎರಡರಲ್ಲೂ ನಡೆಯುತ್ತದೆ. ಪರದೆಗೆ ಇನ್ನೊಂದು ಹೆಚ್ಚುವರಿ ಅಸ್ತ್ರವಿದೆ. ಎಂಬತ್ತು ಪ್ರಶ್ನೆಗಳನ್ನು ಎರಡು ನಿಮಿಷದಲ್ಲಿ ಮುಗಿಸಿದವನು ಓದಿಲ್ಲ ಎಂಬುದು ಸಮಯದ ದಾಖಲೆಯಿಂದಲೇ ಗೊತ್ತಾಗುತ್ತದೆ. ಎಲ್ಲಕ್ಕೂ ‘ಬಿ’ ಒತ್ತಿದವನಂತೂ ಎರಡರಲ್ಲೂ ಸಿಕ್ಕಿಬೀಳುತ್ತಾನೆ.

ಯಾವ ವಿಧಾನದಿಂದಲೂ ಸರಿಹೋಗದ ತಪ್ಪೂ ಒಂದಿದೆ. ತೂಕ, ಎತ್ತರ ಎಷ್ಟೆಂದು ಮಕ್ಕಳನ್ನೇ ಕೇಳಿದರೆ ಸಾಮಾನ್ಯವಾಗಿ ತೂಕವನ್ನು ಇಳಿಸಿ, ಎತ್ತರವನ್ನು ಏರಿಸಿ ಹೇಳುತ್ತಾರೆ. ಅಳೆಯಬಹುದಾದದ್ದನ್ನು ಅಳೆದೇ ತಿಳಿಯಬೇಕು.

ಒಪ್ಪಿಗೆ, ಗುಟ್ಟು ಮತ್ತು ಕಾನೂನು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ 18 ತುಂಬದವರ ಮೇಲಿನ ಸಂಶೋಧನೆಗೆ ಪೋಷಕರ ಒಪ್ಪಿಗೆ ಬೇಕು, ಮಗುವಿನ ಸಮ್ಮತಿಯೂ ಬೇಕು. 7ರಿಂದ 12 ವರ್ಷದವರದ್ದು ಬಾಯಿಮಾತಿನದ್ದಾದರೆ ಸಾಕು, ಅದಕ್ಕಿಂತ ದೊಡ್ಡವರದ್ದು ಬರಹದಲ್ಲಿರಬೇಕು. ಒಪ್ಪಿಗೆಯ ಹಾಳೆಯನ್ನೂ ಉತ್ತರದ ಹಾಳೆಯನ್ನೂ ಒಂದೇ ಲಕೋಟೆಯಲ್ಲಿ ಇಟ್ಟರೆ ಗುಟ್ಟು ಅಲ್ಲಿಗೇ ಮುಗಿಯಿತು. ಎರಡನ್ನೂ ಬೇರೆ ಬೇರೆ ಸಂಗ್ರಹಿಸಬೇಕು.

ಪರದೆಯ ಸಮೀಕ್ಷೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ನೋಡಿಕೊಳ್ಳಬೇಕು. ಅದು 18ರೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರನ್ನು ಗುರುತಿಸಬಹುದಾದ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ. ಸಂಶೋಧನೆಗೆ ಷರತ್ತಿನ ವಿನಾಯಿತಿ ಇದೆಯಾದರೂ ಗುರುತಿಸುವ ಮಾಹಿತಿಯನ್ನೇ ಪಡೆಯದಿರುವುದು ಎಲ್ಲಕ್ಕಿಂತ ಸುರಕ್ಷಿತ. ಗೂಗಲ್ ಫಾರ್ಮ್ಸ್ ಬಳಸುವವರು ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿದ್ದೇವೆಯೇ ಎಂದು ಎರಡೆರಡು ಸಲ ನೋಡಿಕೊಳ್ಳಬೇಕು. ಹೆಸರು ಕೇಳದಿದ್ದರೂ ಗುರುತು ಸಿಗಬಹುದು ಎಂಬುದನ್ನು ಮರೆಯಬಾರದು. ಇಪ್ಪತ್ತು ಮಕ್ಕಳ ತರಗತಿಯಲ್ಲಿ ವಯಸ್ಸು, ಜಾತಿ, ಊರು, ತಂದೆಯ ಕಸುಬು ನಾಲ್ಕನ್ನೂ ಕೇಳಿದರೆ ಹೆಸರು ಕೇಳಿದ ಹಾಗೆಯೇ.

ಇಲ್ಲೊಂದು ಬಿಕ್ಕಟ್ಟಿದೆ. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಆತ್ಮಹತ್ಯೆಯ ಯೋಚನೆ ಬಂದಿದೆ ಎಂದು ಮಗು ಬರೆದರೆ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ. ಹೆಸರಿಲ್ಲದ ಕಾಗದದಲ್ಲಿ ಆ ಉತ್ತರ ವಾರಗಳ ನಂತರ, ಯಾರದೆಂದು ತಿಳಿಯದೆ, ಸ್ಕ್ಯಾನರಿನಲ್ಲಿ ಕಾಣುತ್ತದೆ. ಪರದೆಯಲ್ಲಿ ಆ ಉತ್ತರ ಒತ್ತಿದ ಕೂಡಲೇ ಸಹಾಯದ ವಿವರ ಕಾಣುವಂತೆ ಮಾಡಬಹುದು, ಆದರೆ ಪಕ್ಕದವರಿಗೂ ಅದು ಕಂಡರೆ ಗುಟ್ಟು ರಟ್ಟು. ಆದ್ದರಿಂದ ಏನು ಒತ್ತಿದರೂ ಒತ್ತದಿದ್ದರೂ ಎಲ್ಲ ಮಕ್ಕಳಿಗೂ ಕೊನೆಯ ಪುಟದಲ್ಲಿ ಒಂದೇ ಮಾಹಿತಿ ಕೊಡುವುದು ಒಳ್ಳೆಯದು: ಟೆಲಿ ಮನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098, ಹತ್ತಿರದ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್. ಸಮೀಕ್ಷೆಯ ದಿನ ಆಪ್ತಸಮಾಲೋಚಕರೊಬ್ಬರು ಶಾಲೆಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಹೆಸರು ಕೇಳುವ ಸಮೀಕ್ಷೆಯಾದರೆ ಗುಟ್ಟಿಗೆ ಎಲ್ಲಿಯವರೆಗೆ ಭರವಸೆ ಕೊಡಬಹುದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು.

ನೀವೇ ನಡೆಸುವುದಾದರೆ

ಎನ್ಎಸ್ಎಸ್ ಘಟಕ, ಸ್ನಾತಕೋತ್ತರ ವಿದ್ಯಾರ್ಥಿ, ತಾಲ್ಲೂಕು ಆರೋಗ್ಯ ಕಚೇರಿ, ಯಾರೇ ಆಗಲಿ ಇಂಥ ಸಮೀಕ್ಷೆಗೆ ಇಳಿಯುವ ಮುನ್ನ ಈ ಕ್ರಮ ಅನುಸರಿಸಬಹುದು.

1. ಮೊದಲು ಜಾಗ ಗೊತ್ತುಮಾಡಿ, ಸಾಧನ ಆಮೇಲೆ. ಶಾಲೆಯಲ್ಲಿ ಒಂದು ಪೀರಿಯಡ್ ಸಿಗುತ್ತದೆಯೇ, ಬೆಂಚಿಗೊಬ್ಬರಂತೆ ಕೂರಿಸಲು ಆಗುತ್ತದೆಯೇ, ಆ ಶಾಲೆಯ ಶಿಕ್ಷಕರಲ್ಲದವರು ನಡೆಸಿಕೊಡುತ್ತಾರೆಯೇ ಎಂದು ವಿಚಾರಿಸಿ.

2. ಒಂದು ಸಲದ ಸಮೀಕ್ಷೆ, ಕೆಲವೇ ನೂರು ಮಕ್ಕಳು, ಟ್ಯಾಬ್ ಇಲ್ಲ ಎಂದಾದರೆ ಕಾಗದವೇ ಸಾಕು. ಟ್ಯಾಬ್ ಕೊಳ್ಳುವ, ಚಾರ್ಜ್ ಮಾಡುವ, ಹೊತ್ತೊಯ್ಯುವ ಖರ್ಚು ಅಚ್ಚಿನ ಖರ್ಚನ್ನು ಮೀರುತ್ತದೆ. ಅದೇ ಟ್ಯಾಬ್‌ಗಳು ಹತ್ತಾರು ಶಾಲೆ ಸುತ್ತುವುದಾದರೆ, ವರ್ಷವರ್ಷ ಬಳಕೆಯಾಗುವುದಾದರೆ ಪರದೆ ಅಗ್ಗ.

3. ಪರದೆಯಾದರೆ ನೆಟ್‌ವರ್ಕ್ ನಂಬಬೇಡಿ. ಕೋಬೋ ಟೂಲ್‌ಬಾಕ್ಸ್, ಓಡಿಕೆಯಂಥ ತಂತ್ರಾಂಶಗಳು ಉತ್ತರಗಳನ್ನು ಸಾಧನದಲ್ಲೇ ಉಳಿಸಿಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತವೆ. ಮಲೆನಾಡಿನ ಶಾಲೆಗಳಿಗೆ ಇದಿಲ್ಲದೆ ಆಗದು.

4. ಪ್ರಶ್ನೆಗಳನ್ನು ಮಕ್ಕಳು ಆಡುವ ಕನ್ನಡದಲ್ಲಿ ಬರೆಯಿರಿ, ಪಠ್ಯಪುಸ್ತಕದ ಕನ್ನಡದಲ್ಲಲ್ಲ. ಇಂಗ್ಲಿಷಿನಿಂದ ತಂದದ್ದಾದರೆ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಅನುವಾದ ಮಾಡಿಸಿ ಹೋಲಿಸಿ. ಅದೇ ಊರಿನ ಹತ್ತಾರು ಮಕ್ಕಳಿಗೆ ಮೊದಲು ಕೊಟ್ಟು, ಪ್ರತಿ ಪ್ರಶ್ನೆ ಅವರಿಗೆ ಏನೆಂದು ಅರ್ಥವಾಯಿತೆಂದು ಕೇಳಿ.

5. ಒಂದು ಪರದೆಗೆ ಒಂದೇ ಪ್ರಶ್ನೆ ಇಡಿ. ಕಾಗದದಲ್ಲಿ ಚಂದ ಕಾಣುವ ಅಡ್ಡಸಾಲು-ಕಂಬಸಾಲಿನ ಕೋಷ್ಟಕ ಸಣ್ಣ ಪರದೆಯಲ್ಲಿ ಅರ್ಧ ಮರೆಯಾಗುತ್ತದೆ. ಎಡಗಡೆಯ ಆಯ್ಕೆಗಳಷ್ಟೇ ಕಂಡು ಅವಕ್ಕೇ ಹೆಚ್ಚು ಉತ್ತರ ಬೀಳುತ್ತವೆ.

6. ಉತ್ತರ ಕಡ್ಡಾಯ ಮಾಡಬೇಡಿ. ಕಡ್ಡಾಯ ಮಾಡಿದರೆ ಖಾಲಿ ಜಾಗ ತುಂಬುತ್ತದೆ, ಸತ್ಯದಿಂದಲೇ ತುಂಬುತ್ತದೆಂದು ಹೇಳಲಾಗದು. ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆ ಇರಲಿ. ಪ್ರಶ್ನೆ ಹಾರಿಸುವ ಸೌಲಭ್ಯ ಬಳಸಿದರೆ, ಬೇಗ ಮುಗಿಸಿದವರಿಗೆ ಅಷ್ಟೇ ಉದ್ದದ ಬೇರೆ ಪ್ರಶ್ನೆಗಳನ್ನು ಕೊಟ್ಟು ಎಲ್ಲರೂ ಒಟ್ಟಿಗೆ ಏಳುವಂತೆ ನೋಡಿಕೊಳ್ಳಿ.

7. ಹಿಂದೆ ಕಾಗದದಲ್ಲಿ ನಡೆಸಿದ್ದನ್ನು ಈಗ ಪರದೆಗೆ ಒಯ್ಯುವುದಾದರೆ, ಒಂದು ಸುತ್ತಿನಲ್ಲಿ ಮಿಶಿಗನ್ನಿನವರಂತೆ ಅರ್ಧರ್ಧ ಮಾಡಿ. ಎರಡರ ಫಲಿತಾಂಶ ಹೊಂದಿದರೆ ಹಳೆಯ ಅಂಕಿಅಂಶದ ಸರಣಿ ಮುಂದುವರಿಯುತ್ತದೆ. ಹೊಂದದಿದ್ದರೆ ಎಷ್ಟು ವ್ಯತ್ಯಾಸವೆಂದಾದರೂ ತಿಳಿಯುತ್ತದೆ.

8. ವರದಿಯಲ್ಲಿ ವಿಧಾನವನ್ನು, ಜಾಗವನ್ನು, ಎಷ್ಟು ಮಂದಿಯನ್ನು ಕೇಳಿದಿರಿ, ಎಷ್ಟು ಮಂದಿ ಉತ್ತರಿಸಿದರು ಎಂಬುದನ್ನು ಹುಡುಗ-ಹುಡುಗಿಯರಿಗೆ ಬೇರೆ ಬೇರೆಯಾಗಿ ಬರೆಯಿರಿ.

ಸಮೀಕ್ಷೆ ನಡೆಸದೆ ಅದರ ಸುದ್ದಿ ಓದುವವರಿಗೂ ಈ ಕೊನೆಯ ಅಂಶವೇ ಕೀಲಿಕೈ. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆ ಭಾರತದ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ 8.5 ಮಂದಿ ತಂಬಾಕು ಬಳಸುತ್ತಾರೆಂದು ಹೇಳಿತು. ಇದು ಶಾಲೆಯಲ್ಲಿರುವವರ ಲೆಕ್ಕ, ಆ ವಯಸ್ಸಿನ ಎಲ್ಲರದ್ದಲ್ಲ. ಆಯ್ದ ಶಾಲೆಗಳ ತರಗತಿಯಲ್ಲಿ ಕೂತು, ಹೆಸರು ಬರೆಯದೆ ಕೊಟ್ಟ ಉತ್ತರವಾದ್ದರಿಂದ ಅದಕ್ಕೆ ತೂಕವಿದೆ. ‘ರಾಜ್ಯದ ಅರ್ಧದಷ್ಟು ಹದಿಹರೆಯದವರಿಗೆ ಖಿನ್ನತೆ: ಆನ್‌ಲೈನ್ ಸಮೀಕ್ಷೆ’ ಎಂಬಂಥ ತಲೆಬರಹ ಕಂಡಾಗ ಮಾತ್ರ ಲಿಂಕ್ ಎಷ್ಟು ಮಂದಿಗೆ ಹೋಗಿತ್ತು, ಎಷ್ಟು ಮಂದಿ ತೆರೆದರು, ಯಾರ ಫೋನಿನಲ್ಲಿ ತೆರೆದರು ಎಂದು ಹುಡುಕಿ. ಆ ಮೂರಕ್ಕೂ ವರದಿಯಲ್ಲಿ ಉತ್ತರವಿಲ್ಲದಿದ್ದರೆ ಆ ಅಂಕಿ ನಮ್ಮ ಮಕ್ಕಳ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದೇ ತಿಳಿಯಬೇಕು.